ಮೂರನೆಯ ದಳ

ತಪ್ಪೆಲ್ಲ ಆ ಬಾವಿಯದು. ವೇರೂಳ್ ರಸ್ತೆಯಲ್ಲಿ ಬಾವಿ ತೋಡುತ್ತಿದ್ದವರು ಗುರುಲಿಂಗಪ್ಪನ ಕೈಗೆ ಎರಡು ಸ್ಫಟಿಕ ಕೊಟ್ಟರು. ಒಂದರೊಳಗೆ ಬರೀ ಹಸಿರು ಪಾಚಿಯಂಥದ್ದು. ಅದನ್ನು ಪಕ್ಕದ ಉಡುಪಿ ಹೋಟೆಲಿನ ರತ್ನಾಕರನಿಗೆ, "ಕಾಗದ ಹಾರದಂಗ ಮ್ಯಾಲಿಡ್ರಿ" ಎಂದು ದಾನ ಮಾಡಿದ. ಇನ್ನೊಂದರ ಹೊಟ್ಟೆಯೊಳಗೆ ಎರಡು ಹಸಿರು ಎಲೆ, ಥೇಟ್ ಬಿಲ್ವ! ಬೀದರ ಕಡೆಯ ಶಿವಭಕ್ತ, ಔರಂಗಾಬಾದಿನಲ್ಲಿ ಸರ್ಕಾರಿ ಗುಮಾಸ್ತ, ಹಿಗ್ಗದೆ ಇರುತ್ತಾನೆಯೇ?

ಭಾನುವಾರ ಸಂಜೆ ಕಾಲೇಜಿನ ಪ್ರೊಫೆಸರರು ಕಲ್ಲು ನೋಡಲು ಬರುವವರಿದ್ದರು. ಒಪ್ಪಿದರೆ ಕಾಲೇಜಿನ ಗಾಜಿನ ಕಪಾಟಿನಲ್ಲಿ ಜಾಗ, ಕೆಳಗೆ ಕೊಟ್ಟವರ ಹೆಸರಿನ ಚೀಟಿ. ಇಷ್ಟುದ್ದದ ಹೆಸರು ಅಷ್ಟು ಚಿಕ್ಕ ಚೀಟಿಯಲ್ಲಿ ಹಿಡಿಸೀತೇ ಎಂಬುದೊಂದೇ ಗುರುಲಿಂಗಪ್ಪನ ಚಿಂತೆ.

ಬೆಳಿಗ್ಗೆಯೇ ಎದುರುಮನೆಯ ವೈಜನಾಥ ಬಂದು ಎಣಿಸಿದ. "ಎರಡೇ ಅವಲ್ರಿ! ಬಿಲ್ವಕ್ಕ ಮೂರು ದಳ ಬೇಕು. ಎರಡರದ್ದು ಶಿವನಿಗಿ ಏರಸ್ತಾರೇನು?"

"ಮೂರನೇದು ಹಿಂದ ಅದ. ಸ್ನಾನ ಮಾಡಿ ಬರ್ರಿ, ಆಮ್ಯಾಲ ಕಾಣ್ತದ."

ವೈಜನಾಥ ಹೋದದ್ದೇ ತಡ, ಗುರುಲಿಂಗಪ್ಪ ಬಿಲ್ವದ ಎಳೆ ಎಲೆಯೊಂದನ್ನು ಕತ್ತರಿಸಿ, ಕಚೇರಿಯ ಗೋಂದು ಹಚ್ಚಿ ಕಲ್ಲಿನ ಬೆನ್ನಿಗೆ ಅಂಟಿಸಿದ.

"ದೇವ್ರು ಇಟ್ಟಿದ್ದು ಸಾಲಲಿಲ್ಲೇನ್ರಿ ನಿಮಗ?" ಎಂದಳು ಹೆಂಡತಿ ಈರಮ್ಮ.

"ನಿನಗೇನ್ ತಿಳೀತದ, ಸುಮ್ನಿರು!"

ಸ್ನಾನ ಮಾಡಿ ಬಂದ ವೈಜನಾಥ ಕೈಮುಗಿದ. ಓಣಿಯೇ ಬಂದು ಕೈಮುಗಿಯಿತು. ಗುರುಲಿಂಗಪ್ಪನ ಎದೆ ಗೇಣುದ್ದ ಉಬ್ಬಿತು.

ಮಧ್ಯಾಹ್ನ ವೈಜನಾಥ ಮತ್ತೆ ಬಂದ. "ಮೂರನೇದು ಹಳದಿ ಆಗ್ಯಾದಲ್ರಿ!"

"ದೇವರ ಗಿಡಕ್ಕೂ ಋತು ಇರ್ತದ್ರಿ."

ಮೂರು ಗಂಟೆಗೆ ಎಲೆ ಮುರುಟಿತು. ಗುರುಲಿಂಗಪ್ಪ ಗಾಬರಿಯಿಂದ ನೀರು ಚಿಮುಕಿಸಿದ. ಎಲೆಯೇನೋ ಚೇತರಿಸಿಕೊಂಡಿತು, ಆದರೆ ಗೋಂದು ನೆನೆಯಿತು.

ಐದಕ್ಕೆ ಪ್ರೊಫೆಸರರು ಬಂದರು. ಓಣಿಯವರೆಲ್ಲ ಬಾಗಿಲಲ್ಲಿ ನೆರೆದರು. ಕಲ್ಲನ್ನು ಬೆಳಕಿಗೆ ಹಿಡಿಯುತ್ತಲೇ ಮೂರನೆಯ ದಳ ಜಾರಿ ಅವರ ಅಂಗೈಗೆ ಬಿತ್ತು.

"ಹೇ ಕಾಯ್? ಏನಿದು? ಎಲ್ಲಾ ನಕಲಿ!" ಎಂದು ಪ್ರೊಫೆಸರರು ಸಿಡುಕಿದರು.

"ಅದೊಂದೇ ನಂದು ಸಾಹೇಬ್ರ, ಉಳಿದ ಎರಡೂ ದೇವರವು!" ಎಂದು ಗುರುಲಿಂಗಪ್ಪ ಗೋಗರೆದ. ಕೇಳುವವರು ಯಾರು? ಪ್ರೊಫೆಸರರು ದುಮುಗುಡುತ್ತ ಪಕ್ಕದ ಹೋಟೆಲಿಗೆ ಕಾಫಿಗೆ ನಡೆದರು. ಇವನೂ ಹಿಂದೆಯೇ ಓಡಿದ.

ಅಲ್ಲಿ ಗಲ್ಲಾಪೆಟ್ಟಿಗೆಯ ಮೇಲೆ, ಕಾಗದಗಳ ಮೇಲೆ, ಆ ಪಾಚಿ ಕಲ್ಲು! ಪ್ರೊಫೆಸರರು ಎತ್ತಿ ನೋಡಿದರು, ಉಗುರಿನಿಂದ ಕೆರೆದರು. ಹಸಿರು ಕಲ್ಲಿನ ಒಳಗೇ ಇತ್ತು. ಅವರ ಮುಖ ಅರಳಿತು. ಚೀಟಿ ತೆಗೆದು ಮಾಲೀಕರ ಹೆಸರೇನೆಂದು ಕೇಳಿದರು.

ಗುರುಲಿಂಗಪ್ಪನ ಎದೆ ಮತ್ತೆ ಉಬ್ಬಿತು. "ಅದೂ ನಾನೇ ಕೊಟ್ಟಿದ್ದು ಸಾಹೇಬ್ರ!"

ಪೆನ್ನು ನಿಂತಿತು. "ನೀವಾ? ಹಾಗಾದರೆ ಇದೂ ಬೇಡ."

ರತ್ನಾಕರ ಗಾಬರಿಯಾದ. "ಎಂತದು ಮಾರಾಯ್ರೆ, ನನ್ನ ಕಲ್ಲಿಗೂ ಕಲ್ಲು ಹಾಕ್ತೀರಾ? ಸರಿಯಾಗಿ ಹೇಳಿ!"

ಗುರುಲಿಂಗಪ್ಪ ಕಲ್ಲನ್ನು ನೋಡಿದ. ತಾನು ತಂದ ಕಲ್ಲು, ಯಾರ ಹೆಸರಲ್ಲಾದರೂ ಸರಿ, ಗಾಜಿನೊಳಗೆ ಕೂರಬೇಕು.

"ಇಲ್ರಿ... ನಾ ಕೊಟ್ಟಿಲ್ಲ. ನಾ ಕಾಫಿ ಕುಡಿಯಾಕ ಬಂದೀನಿ."

ಪ್ರೊಫೆಸರರು ಬರೆದರು. ರತ್ನಾಕರನ ಹೆಸರು ಚೀಟಿಯಲ್ಲಿ ಸಲೀಸಾಗಿ ಹಿಡಿಸಿತು. ಪಕ್ಕದಲ್ಲಿ ಇನ್ನೊಂದು ಹೆಸರಿಗೆ ಜಾಗವೂ ಉಳಿದಿತ್ತು.