ಟೈಲರಮ್ಮನ ಕೀಬೋರ್ಡು

ನಮ್ಮ ಬೆಳಗೋಡಿನಲ್ಲಿ ಯಾರಾದರೂ ಹೊಸದೊಂದಕ್ಕೆ ಕೈ ಹಾಕಿದರೆ, ಆ ಕೆಲಸ ದಡ ಸೇರುವುದರೊಳಗೆ ಊರು ನಾಲ್ಕು ಸಲ ನಕ್ಕಿರುತ್ತದೆ. ನನ್ನ ವಿಷಯದಲ್ಲಿ ನಾನೂ ಜೊತೆಗೆ ನಕ್ಕೆ, ಅಷ್ಟೇ.

ಬಸ್ ಸ್ಟಾಪಿನ ಹಿಂದೆ ನನ್ನದೊಂದು ಹೊಲಿಗೆ ಅಂಗಡಿ. ಬ್ಲೌಸ್ ಹೊಲಿಯುತ್ತಾ ಗುನುಗುವುದು ನನ್ನ ಚಾಳಿ. ಯಾರದೋ ಹಾಡಲ್ಲ, ಬಾಯಿಗೆ ಬಂದ ರಾಗ. ತೋಳು ಹೊಲಿಯುವಾಗ ಹುಟ್ಟಿದ್ದು ಹುಕ್ಕು ಹಾಕುವಷ್ಟರಲ್ಲಿ ಮರೆತೇ ಹೋಗಿರುತ್ತಿತ್ತು. ಅದೊಂದೇ ಸಂಕಟ. ಒಂದು ಕೀಬೋರ್ಡ್ ಇದ್ದರೆ ರಾಗವನ್ನು ಹಿಡಿದಿಡಬಹುದು ಅನ್ನಿಸಿತು. ಹೊಲಿಗೆ ಮಿಷನ್ನಿಗೆ ಮೋಟರ್ ಹಾಕಿಸಲೆಂದು ಸ್ವಲ್ಪ ದುಡ್ಡು ಕೂಡಿಟ್ಟಿದ್ದೆ. ಕಾಲಲ್ಲೇ ತುಳಿದರಾಯಿತು ಅಂದುಕೊಂಡೆ.

ಅರವತ್ತೊಂದು ಕೀ

ನಮ್ಮ ಯಜಮಾನರು ಎಸ್ಟೇಟಿನಲ್ಲಿ ರೈಟರ್, ಆಳುಗಳ ಹಾಜರಿ ಬರೆಯುವ ಕೆಲಸ. ಸಕಲೇಶಪುರಕ್ಕೆ ಹೊರಟಿದ್ದರು. "ಕಡಿಮೆ ಬೆಲೇದು ಕೀಬೋರ್ಡ್ ಸಿಗುತ್ತಾ ವಿಚಾರಿಸ್ಕೊಂಡು ಬನ್ನಿ" ಅಂದೆ.

ಸಂಜೆ ಖುಷಿಯಾಗಿ ಬಂದರು. "ಹಾರ್ಡ್‌ವೇರ್ ಅಂಗಡೀಲೇ ಐತೆ ಕಣೇ! ಸಖತ್ ಅಗ್ಗ!"

"ಎಷ್ಟು ಕೀ ಇರೋದು?"

"ಆರರದ್ದೂ ಐತೆ, ಹತ್ತರದ್ದೂ ಐತೆ. ನಮಗೆ ಆರೇ ಜಾಸ್ತಿ ಆಯ್ತು."

"ಆರರಲ್ಲಿ ಏನಾಗುತ್ತೆ ರೀ? ಕಲಿಯೋರಿಗೆ ಅರವತ್ತೊಂದಾದ್ರೂ ಬೇಕಂತೆ, ಮೊಬೈಲಲ್ಲಿ ನೋಡಿದೀನಿ."

ಅವರು ಮುಖ ಸಪ್ಪಗೆ ಮಾಡಿಕೊಂಡು ಫೋನಿನಲ್ಲಿ ಫೋಟೋ ತೋರಿಸಿದರು. ಬಾಗಿಲ ಪಕ್ಕ ಬೀಗದ ಕೈ ತಗುಲಿಹಾಕುವ ಮರದ ಹಲಗೆ, ಸಾಲಾಗಿ ಕೊಂಡಿಗಳು.

"ಅಲ್ಲ ಮಾರಾಯ್ತಿ, ಅರವತ್ತೊಂದು ಬೀಗ ಹಾಕೋವಂಥದ್ದು ನಮ್ಮನೇಲಿ ಏನೈತೆ?"

ಹಾಸನದ ಅಂಗಡಿ

ನಮ್ಮ ಕಡೆಯ ಕಾಫಿ ಮೂಟೆಗಳನ್ನು ಹಾಸನಕ್ಕೆ ಸಾಗಿಸುವ ಪಿಕಪ್ ಭಾಯ್ ಒಬ್ಬರಿದ್ದಾರೆ. ಮನೆ ಸಕಲೇಶಪುರದಲ್ಲಿ, ಚಹಾ ಕುಡಿಯುವುದು ಮಾತ್ರ ನನ್ನ ಅಂಗಡಿ ಮುಂದೆ. ವಿಷಯ ತಿಳಿದದ್ದೇ "ಹೆಂಗೂ ಹೋಗ್ತಾ ಇದೀನಲ್ಲಕ್ಕಾ, ಇಬ್ರೂ ಹತ್ತಿ" ಅಂದರು.

ಸಂಗೀತದ ಅಂಗಡಿಯವರು ಒಂದು ಕೀಬೋರ್ಡ್ ಮುಂದೆ ಕೂತು ಬೆರಳು ಆಡಿಸಿದರು. ಅಬ್ಬಾ, ಏನು ನಾದ! ನಾವು ಮೂವರೂ ಬಾಯಿ ತೆರೆದು ನಿಂತೆವು. ನಡುವೆ ಅವರು ಎರಡೂ ಕೈ ಎತ್ತಿ ಕನ್ನಡಕ ಒರೆಸಿಕೊಂಡರು. ಹಾಡು ನಡೆದೇ ಇತ್ತು.

"ಇದರಲ್ಲಿ ಹಾಡು ಮೊದಲೇ ತುಂಬಿರುತ್ತೆ ಮೇಡಂ. ನೂರು ಹಾಡು, ನೂರು ತಾಳ" ಅಂದರು.

ಭಾಯ್ ಕೇಳಿದರು: "ಎಲ್ಲಾ ಅದೇ ನುಡಿಸಿದ್ರೆ ಅಕ್ಕ ಏನ್ಮಾಡ್ಬೇಕು ಸಾರ್, ಚಪ್ಪಾಳೆ ತಟ್ಬೇಕಾ?"

ನಮ್ಮವರು ಅದರ ಕೀಯೊಂದನ್ನು ಮೆಲ್ಲಗೆ ಒತ್ತಿದರು, ಆಮೇಲೆ ಜೋರಾಗಿ ಒತ್ತಿದರು. ಎರಡು ಸಲವೂ ಒಂದೇ ಸದ್ದು. "ನಮ್ ಮ್ಯಾನೇಜರ್ ಇದ್ದಂಗೈತೆ" ಅಂದರು. "ಮೆಲ್ಲಗೆ ಕೇಳಿದ್ರೂ ಒಂದೇ ಕೂಗು, ಜೋರಾಗಿ ಕೇಳಿದ್ರೂ ಒಂದೇ ಕೂಗು."

ಅಂಗಡಿಯವರು ನಕ್ಕು ಇನ್ನೊಂದು ತೆಗೆದರು. ಹಾಡು, ತಾಳ ಕಡಿಮೆ. ಆದರೆ ಮೆಲ್ಲಗೆ ಒತ್ತಿದರೆ ಮೆಲುದನಿ, ಜೋರಾಗಿ ಒತ್ತಿದರೆ ಜೋರು. ನುಡಿಸಿದ್ದನ್ನು ತನ್ನಲ್ಲೇ ಉಳಿಸಿಕೊಳ್ಳುತ್ತದೆ. ನನಗೆ ಬೇಕಾದದ್ದು ಅದೇ. ಬೆಲೆ ನನ್ನ ದುಡ್ಡಿಗೆ ಸರಿಯಾಗಿತ್ತು. ಆದರೂ ಕೈ ಹಿಂಜರಿಯಿತು. ಈ ವಯಸ್ಸಲ್ಲಿ ನನಗ್ಯಾಕೆ ಇದೆಲ್ಲ? "ಮುಂದಿನ ವರ್ಷ ನೋಡಿದ್ರಾಯ್ತು" ಅಂದೆ.

ಭಾಯ್ ಅಡ್ಡ ಬಂದರು. "ಅಕ್ಕಾ, ನನ್ ಮಗಳ ಮದ್ವೆ ಬಟ್ಟೆ ಹೊಲಿವಾಗ ನೀವು ಗುನುಗ್ತಿದ್ರಿ. ಅವಳು ಇವತ್ತಿಗೂ ಕೇಳ್ತಾಳೆ, ಅದ್ಯಾವ ಹಾಡು ಅಬ್ಬಾಜಾನ್ ಅಂತ. ನಾನೇನು ಹೇಳ್ಲಿ?"

ನಾನು ಆ ಕೀಬೋರ್ಡಿನ ಮೇಲೆ ಮತ್ತೆ ಬೆರಳಿಟ್ಟೆ. ಯಜಮಾನರು ಮಾತ್ರ ಅಂಗಡಿಯವರ ಕಡೆ ತಿರುಗಿದರು: "ಕರೆಂಟ್ ಹೋದ್ರೆ?"

"ಆರು ದಪ್ಪ ಸೆಲ್ ಹಾಕಿ."

"ಟಾರ್ಚಿಂದು ಆಯ್ತದಾ? ಹಂಗಾರೆ ಕಟ್ಟಿ ಸಾರ್."

ಮೊದಲ ಮಳೆಗೆ ಕರೆಂಟ್ ಹೋಯಿತು. ಯಜಮಾನರು ಕತ್ತಲಲ್ಲಿ ತಡಕಾಡುತ್ತಾ "ಟಾರ್ಚ್ ಎಲ್ಲೇ?" ಅಂತ ಕೂಗಿದರು.

"ಟಾರ್ಚ್ ಅಲ್ಲೇ ಐತೆ ರೀ, ಸೆಲ್ ಇಲ್ಲಿ ಹಾಡ್ತಾ ಐತೆ!"

ಕಿವಿಗೆ ಹಾಕೋದು

ಪಕ್ಕದ ಮನೆಯವರಿಗೆ ತೊಂದರೆಯಾಗದಿರಲಿ ಅಂತ ಹೆಡ್‌ಫೋನ್ ಹಾಕಿಕೊಂಡು ಕಲಿಯುತ್ತಿದ್ದೆ. ಸದ್ದು ನನ್ನ ಕಿವಿಗೆ ಮಾತ್ರ. ಅತ್ತೆ ಬಾಗಿಲಲ್ಲಿ ನಿಂತು ನೋಡಿ ನೋಡಿ, ನಾದಿನಿಗೆ ಫೋನ್ ಹಚ್ಚಿಬಿಟ್ಟರು.

"ನಿಮ್ಮತ್ತಿಗೆ ಅಷ್ಟು ಆಸೆಪಟ್ಟು ತಂದಿದ್ದು ಕೆಟ್ಟೋಗ್ಬುಟ್ಟೈತೆ ಕಣೇ. ಒಂಚೂರೂ ಸದ್ದಿಲ್ಲ. ಪಾಪ, ಯಾರ್ಗೂ ಹೇಳ್ದೆ ಸುಮ್ನೆ ಒತ್ತಾ ಕೂತವಳೆ. ನನ್ ಬಳೆ ಮಾರಿಯಾದ್ರೂ ರಿಪೇರಿ ಮಾಡ್ಸಾನ."

ಈ ಮಾತನ್ನು ನಾದಿನಿ ನನಗೆ ಹೇಳಿದಾಗ ನಗಲೋ ಅಳಲೋ ತಿಳಿಯಲಿಲ್ಲ. ಅತ್ತೆಯನ್ನು ಕೂರಿಸಿ, ಹೆಡ್‌ಫೋನ್ ಅವರ ಕಿವಿಗಿಟ್ಟು ನುಡಿಸಿದೆ.

"ಅಯ್ಯಯ್ಯೋ!" ಅಂತ ಮನೆ ಹಾರಿಹೋಗುವಂತೆ ಕೂಗಿದರು. "ಇಷ್ಟು ದಿನ ಇದನ್ನ ನೀನೊಬ್ಳೇ ಕೇಳ್ತಿದ್ಯಾ?"

ಅವತ್ತಿನಿಂದ ನಾನು ನುಡಿಸಲು ಕೂತರೆ ಹೆಡ್‌ಫೋನ್ ಅವರ ತಲೆ ಮೇಲೆ. ನನಗೇ ಏನೂ ಕೇಳಿಸುವುದಿಲ್ಲ. ಆಗಾಗ ಅವರೇ ಹೇಳುತ್ತಾರೆ: "ತಪ್ಪಾಯ್ತು, ಇನ್ನೊಂದ್ಸಲ ಒತ್ತು."

ಮೊದಲ ರಾಗ

ಕೊನೆಗೂ ಪೂರ್ತಿ ನನ್ನದೇ ಅನ್ನುವ ಒಂದು ರಾಗ ಕೂಡಿಬಂತು. ಮೊದಲು ಕೇಳಿಸಿದ್ದು ಭಾಯ್‌ಗೆ. ಅವತ್ತು ಅವರು ತಡೆಯದಿದ್ದರೆ ನಾನು ಬರಿಗೈಯಲ್ಲಿ ಬರುತ್ತಿದ್ದೆನಲ್ಲ. ಅವರು ಕಣ್ಣು ಮುಚ್ಚಿ ಕೇಳಿದರು, ಮೊಬೈಲಿಗೆ ಹಿಡಿದುಕೊಂಡರು. "ಮಗಳಿಗೆ ಕಳಿಸ್ತೀನಿ ಅಕ್ಕಾ. ಊರಿಗೆಲ್ಲಾ ಕೇಳಿಸ್ತೀನಿ" ಅಂದರು. ಅಭಿಮಾನದ ಮಾತು ಅಂದುಕೊಂಡೆ.

ಮಾರನೇ ವಾರ ಅವರ ಪಿಕಪ್ ಹಿಂದಕ್ಕೆ ಬರುವಾಗ ನನ್ನ ರಾಗ ಕೇಳಿಸಿತು. ಎಲೆಕ್ಟ್ರಿಷಿಯನ್ ಹತ್ತಿರ ಹೇಳಿ ರಿವರ್ಸ್ ಹಾರ್ನಿಗೆ ಅದನ್ನೇ ಹಾಕಿಸಿದ್ದರು! ಬೆಳಗೋಡಿನ ಸಂದಿಗೊಂದಿಯಲ್ಲೆಲ್ಲ ಅದೇ. ಇಷ್ಟು ಪ್ರೀತಿಯಿಂದ ಮೆರೆಸುವವರು ಇನ್ಯಾರು ಸಿಗುತ್ತಾರೆ? ಸಂತೋಷವಾಗಿಯೇ ಇದ್ದೆ, ಮಹಿಳಾ ಸಂಘದವರು ವಾರ್ಷಿಕೋತ್ಸವಕ್ಕೆ ಕರೆಯುವವರೆಗೆ.

ಶಾಲೆ ಮೈದಾನದಲ್ಲಿ ವೇದಿಕೆ. "ನಮ್ಮ ಟೈಲರಮ್ಮನವರು ತಾವೇ ಕಟ್ಟಿದ ರಾಗ ನುಡಿಸುತ್ತಾರೆ" ಅಂತ ಮೈಕಿನಲ್ಲಿ ಹೇಳಿದರು. ದೇವರನ್ನು ನೆನೆದು ಶುರು ಮಾಡಿದೆ.

ಮುಂದಿನ ಸಾಲಿನವರೆಲ್ಲ ದಡಬಡ ಎದ್ದು, ಹಿಂದೆ ತಿರುಗಿ ನೋಡಿ, ಕುರ್ಚಿ ಎತ್ತಿಕೊಂಡು ಪಕ್ಕಕ್ಕೆ ಸರಿದರು. ಮಧ್ಯೆ ಒಂದು ಲಾರಿ ಹೋಗುವಷ್ಟು ದಾರಿ ಆಯಿತು.

ಆ ಖಾಲಿ ಜಾಗದ ತುದಿಯಿಂದ ಯಾರೋ ಪುಣ್ಯಾತ್ಮ ಕೈ ಬೀಸುತ್ತಾ ನನ್ನ ಕಡೆಗೆ ಕೂಗಿದ: "ಬರ್ಲಿ, ಬರ್ಲಿ... ಇನ್ನೂ ಬರ್ಲಿ... ಹಾಂ, ಹೋಲ್ಡ್!"