ನಮ್ಮತ್ತೆಯ ಹೊಟ್ಟೆಯೊಳಗೆ ದೀಪ ಇಳಿಸಿದ್ದು

ನಮ್ಮತ್ತೆ ಹೈದರಾಬಾದಿನ ದೊಡ್ಡಾಸ್ಪತ್ರೆಯ ದೊಡ್ಡ ಡಾಕ್ಟರರನ್ನು ಕುರ್ಚಿಯಿಂದ ಇಳಿಸಿ ನೆಲದ ಮೇಲೆ ಕೂಡಿಸಿದವರು! ನಂಬುವುದಿಲ್ಲವೇ? ನಾನು ಪಕ್ಕದಲ್ಲೇ ಇದ್ದೆ. ಆ ಡಾಕ್ಟರರು ವರಾಂಡದಲ್ಲಿ ಬಂದರೆಂದರೆ ಕಾಂಪೌಂಡರುಗಳು ಗೋಡೆಗೆ ಅಂಟಿಕೊಂಡು ನಿಲ್ಲುತ್ತಿದ್ದರು. ಅಂಥವರು ಬಿಳಿ ಕೋಟಿನ ಅಂಚು ಎತ್ತಿ ಹಿಡಿದು, ನೆಲಕ್ಕೆ ಕುಕ್ಕರಿಸಿ, ಸೀಮೆಸುಣ್ಣದಿಂದ ಅತ್ತೆಯ ಕರುಳಿನ ಚಿತ್ರ ಬರೆದರು. ಅತ್ತೆ ಮಾತ್ರ ಬೆಂಚಿನ ಮೇಲೆ ಕೂತೇ ಇದ್ದರು!

ಇದಕ್ಕೆಲ್ಲ ಕಾರಣ ಅವರ ಒಂದು ಚಟ. ಕೆಲವರಿಗೆ ತಂಬಾಕಿನ ಚಟ, ಕೆಲವರಿಗೆ ನಶ್ಯದ ಚಟ. ನಮ್ಮತ್ತೆಗೆ ಪ್ರಶ್ನೆಯ ಚಟ. ಸುರಪುರದ ನಮ್ಮ ಓಣಿಗೆ ಬಳೆಗಾರ ಬಂದರೆ ಸಾಕು: "ಬಳಿ ಯಾಕ ಒಡೀತಾವ? ಒಡೀಲಾರದ ಬಳಿ ಯಾಕ ಮಾಡಂಗಿಲ್ಲ? ಮಾಡಿದ್ರ ನಿನ್ನ ಸಂಸಾರ ಹ್ಯಾಂಗ ನಡೀತದ?" ಪಾಪ, ಅವನು ತನ್ನ ಕಸುಬಿನ ಬಗ್ಗೆಯೇ ಅನುಮಾನ ಬಂದು ಬಳೆಯ ಮಲಾರ ಹೊತ್ತುಕೊಂಡು ಹೊರಟುಬಿಡುತ್ತಿದ್ದ. ನಮ್ಮ ಮಾವನವರದು ಬೆಲ್ಲದ ಅಂಗಡಿ. ಅವರಿಗೆ ಮಾತೇ ಕಡಿಮೆ. ಅವರ ಪಾಲಿನ ಮಾತನ್ನೂ ಅತ್ತೆಯೇ ಬಳಸಿಕೊಳ್ಳುತ್ತಿದ್ದರೆಂದು ನನ್ನ ಗುಮಾನಿ.

ನನ್ನನ್ನು ನೋಡಲು ಯಾದಗಿರಿಯ ನಮ್ಮ ಮನೆಗೆ ಬಂದಾಗಲೂ ಅಷ್ಟೆ. ಹಾಡು ಬರುತ್ತದೆಯೇ, ರಂಗೋಲಿ ಬರುತ್ತದೆಯೇ ಎಂದು ಕೇಳುವುದು ಲೋಕರೂಢಿ. ಇವರು ಕೇಳಿದ್ದು, "ಉರ್ದು ಮಾತಾಡಾಕ ಬರ್ತದೇನು?"

ಮನೆಯವರೆಲ್ಲ ಮುಖ ಮುಖ ನೋಡಿಕೊಂಡರು. ನಿಜಾಮರ ಆಳ್ವಿಕೆ ಹೋಗಿ, ಕಚೇರಿಗಳಲ್ಲಿ ಉರ್ದು ಗಂಟುಮೂಟೆ ಕಟ್ಟುತ್ತಿದ್ದ ಕಾಲವದು. ನಮ್ಮ ಸೀಮೆ ಯಾವ ರಾಜ್ಯಕ್ಕೆ ಸೇರುತ್ತದೆ ಎಂದು ಕಟ್ಟೆಕಟ್ಟೆಯ ಮೇಲೂ ಚರ್ಚೆ. ಅಂಥದರಲ್ಲಿ ಉರ್ದು ಬರುವ ಸೊಸೆ ಯಾರಿಗೆ ಬೇಕು? ಆದರೂ ನಾನು ಕಲಿತದ್ದು ಉರ್ದು ಶಾಲೆಯಲ್ಲಿ, "ಬರ್ತದ್ರಿ" ಎಂದೆ.

"ನಾಚಿಕಿ ಭಾಳ ಏನು?"

"ಹೌದ್ರಿ."

"ಅದೊಂದು ಬಿಡಬೇಕಾಗ್ತದ ನೋಡು," ಎಂದವರೇ ಒಂದು ಚರಗಿ ನೀರು ಕೇಳಿ, ಎದ್ದು ಹಿತ್ತಲ ಕಡೆ ಹೋದರು. ಬಂದರು, ಕೂತರು. ಚಹಾ ತಣ್ಣಗಾಗುವ ಮೊದಲೇ ಮತ್ತೆ ಚರಗಿ! "ಹುಡುಗಿ ಮನಸಿಗೆ ಬಂದಿಲ್ಲ, ಅದಕ್ಕ ಕುಂತಲ್ಲಿ ಕುಂದರವಲ್ಲಳು," ಎಂದು ನಮ್ಮಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಮ್ಮಪ್ಪನಿಗೆ, ಬೀಗತಿ ನಮ್ಮ ಹಿತ್ತಲಿನ ಉದ್ದಗಲ ಅಳೆಯುತ್ತಿದ್ದಾರೆಂಬ ಸಂಶಯ. ಕೊನೆಗೆ ಹೊರಡುವಾಗ ಅತ್ತೆ ಬಾಗಿಲಲ್ಲಿ ನಿಂತು, "ಹುಡುಗಿ ಪಸಂದ್ ಅದಾಳ್ರಿ," ಎಂದರು.

ಯಾಕೆ ಪಸಂದ್ ಆದೆನೆಂದು ತಿಳಿದದ್ದು ಮದುವೆಯಾದ ಮೇಲೆ. ಅತ್ತೆಗೆ ಎಷ್ಟೋ ವರ್ಷಗಳಿಂದ ಹೊಟ್ಟೆಯ ಕಾಯಿಲೆ. ಬಂದರೆ ತಿಂಗಳುಗಟ್ಟಲೆ ಹೊಟ್ಟೆ ಜಾಡಿಸುವುದು, ಜೊತೆಗೆ ಆಮ, ರಕ್ತ. ಆಮೇಲೆ ಹೇಳದೆ ಕೇಳದೆ ಹೋಗಿಬಿಡುವುದು. ಮತ್ತೆ ಒಂದು ದಿನ ಹಾಗೆಯೇ ಬರುವುದು. ಊರಲ್ಲಿ ಎಲ್ಲರ ಬಳಿಯೂ ಇದಕ್ಕೆ ಮದ್ದಿತ್ತು! ಒಬ್ಬರು ದಾಳಿಂಬೆ ಸಿಪ್ಪೆ ಎಂದರು, ಒಬ್ಬರು ಇಸಬಗೋಲು ಎಂದರು, ಒಬ್ಬಾಕೆ ಯಾರದೋ ಕಣ್ಣು ಬಿದ್ದಿದೆ ಎಂದಳು. ಅತ್ತೆ ಎಲ್ಲವನ್ನೂ ಕುಡಿದರು. ಆದರೆ ಮದ್ದು ಕೊಟ್ಟವರನ್ನು ಸುಮ್ಮನೆ ಬಿಟ್ಟರೇ? ನಾಡಿ ಹಿಡಿದು ಕಣ್ಣು ಮುಚ್ಚಿದ್ದ ಹಕೀಮರಿಗೆ, "ರಗತ ಹೋಗೋದು ಹೊಟ್ಟ್ಯಾಗಿಂದು, ನೀವು ಹಿಡದಿದ್ದು ಕೈ. ಒಳಗ ಏನಾಗ್ಯದಂತ ಇಲ್ಲಿಂದ ಹ್ಯಾಂಗ ಕಾಣ್ತದ್ರಿ?" ಎಂದು ಕೇಳಿದರು. ಹಕೀಮರು ಕಣ್ಣು ತೆರೆದು, "ಅಮ್ಮಾ, ನೀವು ಯಾದಗಿರಿಯ ಡಾಕ್ಟರರ ಹತ್ತಿರ ಹೋಗುವುದು ಒಳ್ಳೆಯದು," ಎಂದರು. ಪ್ರಾಣ ಉಳಿಸಿಕೊಳ್ಳುವ ದಾರಿ ಅವರಿಗೂ ಗೊತ್ತಿತ್ತು!

ಯಾದಗಿರಿಯ ಡಾಕ್ಟರರು ಹುಳದಿಂದಾದ ಆಮಶಂಕೆಯೆಂದು ಸೂಜಿಯ ಮೇಲೆ ಸೂಜಿ ಚುಚ್ಚಿದ್ದರು. ಗುಣವಾಗಲಿಲ್ಲ. ಮಲ ಪರೀಕ್ಷೆ ಮಾಡಬೇಕು, ತನ್ನಿ ಎಂದಿದ್ದರು. ಅತ್ತೆ ಅದನ್ನು ಒಂದು ಕುಡಿಕೆಯಲ್ಲಿಟ್ಟು, ಬಾಯಿಗೆ ಬಟ್ಟೆ ಕಟ್ಟಿ, ಮಡಿಲಲ್ಲಿಟ್ಟುಕೊಂಡು ಸುರಪುರದಿಂದ ಬಸ್ಸು ಹತ್ತಿದರು. ನಾನು ಪಕ್ಕದಲ್ಲಿ, ಕಿಟಕಿಯ ಹೊರಗೆ ಮುಖ ಹಾಕಿ. ಶಹಾಪುರದಲ್ಲಿ ಹತ್ತಿದ ಒಬ್ಬ ಹಿರಿಯರು ಕುಡಿಕೆಯ ಮೇಲೇ ಕಣ್ಣಿಟ್ಟು ಕೂತಿದ್ದರು.

"ಏನವ್ವಾ, ಮಗಳ ಮನಿಗಿ ತುಪ್ಪ ಒಯ್ಯಾಕತ್ತಿಯೇನು?"

"ಅಲ್ಲಪಾ, ಡಾಕ್ಟರಗ."

"ಡಾಕ್ಟರ ಪುಣ್ಯವಂತ ಬಿಡು. ಆಕಳದ್ದೋ, ಎಮ್ಮೀದೋ?"

"ನಂದೇ!" ಎಂದರು ಅತ್ತೆ.

ಆ ಹಿರಿಯರು ಎದ್ದು ಹೋಗಿ, ಯಾದಗಿರಿಯವರೆಗೂ ನಿಂತೇ ಬಂದರು.

ಡಾಕ್ಟರರು ಕುಡಿಕೆ ನೋಡಿ ತಲೆಯಾಡಿಸಿದರು. "ಇದು ಆರಿ ಹೋಗ್ಯದವ್ವಾ. ಹುಳ ಇದ್ರ ಹರದಾಡೋದು ಬಿಸಿ ಇದ್ದಾಗಷ್ಟ ಕಾಣ್ತದ."

"ಬಿಸೀದು ಬೇಕೇನ್ರಿ? ಅದಕ್ಕ ಸುರಪುರಕ್ಕ ಯಾಕ ಹೋಗಬೇಕು, ಚರಗಿ ಎಲ್ಲದ ಹೇಳ್ರಿ!"

ಬಿಸಿಯದು ಬಂತು. ಡಾಕ್ಟರರು ಸೂಕ್ಷ್ಮದರ್ಶಕದೊಳಗೆ ಬಹಳ ಹೊತ್ತು ನೋಡಿದರು. ಅತ್ತೆ ಅವರ ಭುಜದ ಹಿಂದೆಯೇ ನಿಂತಿದ್ದರು. "ನಾನೂ ನೋಡ್ತೀನ್ರಿ. ನಂದು ನಾ ನೋಡಬಾರದೇನು?" ಡಾಕ್ಟರರು ಪಕ್ಕಕ್ಕೆ ಸರಿದರು. ಅತ್ತೆ ಒಂದು ಕಣ್ಣು ಮುಚ್ಚಿ, ಒಂದು ಕಣ್ಣಿಟ್ಟು ನೋಡಿ, "ಇಲ್ಲಿ ಯಾರೂ ಇಲ್ಲಲ್ರಿ!" ಎಂದರು.

"ಅದ ನಾನೂ ಹೇಳಬೇಕಂತಿದ್ದೆ," ಎಂದು ಡಾಕ್ಟರರು ಗಂಭೀರವಾದರು. "ಹುಳ ಇಲ್ಲ. ಇಷ್ಟು ದಿನ ಇಲ್ಲದ ಹುಳಕ್ಕ ಸೂಜಿ ಹಾಕೀನಿ. ಕರುಳಿನೊಳಗ ಬ್ಯಾರೆ ಏನೋ ನಡದದ. ಹೈದರಾಬಾದಿಗಿ ಹೋಗ್ರಿ. ತಡ ಮಾಡಬ್ಯಾಡ್ರಿ, ಮೈಯಾಗ ರಗತ ಉಳದಿಲ್ಲ."

ತಡ ಮಾಡುವ ಹಾಗಿರಲೂ ಇಲ್ಲ. ಅತ್ತೆಯ ಉಗುರು, ತುಟಿ, ಕಣ್ಣಿನ ಒಳಗು ಎಲ್ಲ ಬೆಳ್ಳಗಾಗಿದ್ದವು. ನಾಲ್ಕು ಹೆಜ್ಜೆ ನಡೆದರೆ ಗೋಡೆ ಹಿಡಿಯುತ್ತಿದ್ದರು. ಮಾವನವರು ಅಂಗಡಿಗೆ ಬೀಗ ಹಾಕಿ, ಮನೆಯನ್ನು ನನ್ನ ಗಂಡನಿಗೆ ಒಪ್ಪಿಸಿ, ನಮ್ಮಿಬ್ಬರನ್ನು ಕರೆದುಕೊಂಡು ಹೊರಟರು. ಆದರೆ ರೈಲು ಹತ್ತಿದ ಮೇಲೆ ಅತ್ತೆಯ ಮುಖದ ಮೇಲೆ ಬಂದ ಕಳೆ ನೋಡಬೇಕಿತ್ತು! ಡಬ್ಬಿಯ ಮೂಲೆಯಲ್ಲೊಂದು ಬಾಗಿಲು, ಬಾಗಿಲ ಹಿಂದೆ ಪಾಯಖಾನೆ! ಅದರ ಎದುರಿಗಿದ್ದ ಜಾಗ ಹಿಡಿದು, ಸಿಂಹಾಸನದ ಮೇಲೆ ಕೂತಂತೆ ಕೂತರು. ವಾಡಿಯಲ್ಲಿ ಗಾಡಿ ಬದಲಿಸಬೇಕು. ಇವರು ಇಳಿಯಲು ಸಿದ್ಧರಿಲ್ಲ!

"ಇಳೀರಿ ಅತ್ತಿ, ಹೈದರಾಬಾದಿನ ಗಾಡಿ ಬಂದದ."

"ನೀವು ಹೋಗಿ ಬರ್ರಿ. ನಾ ಇಲ್ಲೇ ಸಂಸಾರ ಮಾಡ್ತೀನಿ."

ಆ ಗಾಡಿಯಲ್ಲೂ ಇಂಥದೇ ಬಾಗಿಲಿದೆ ಎಂದು ಮಾವನವರು ಹೋಗಿ ಕಣ್ಣಾರೆ ನೋಡಿ ಬಂದು ಹೇಳಿದ ಮೇಲೆಯೇ ಇಳಿದದ್ದು.

ದೊಡ್ಡಾಸ್ಪತ್ರೆಯಲ್ಲಿ ನನ್ನ ಪರೀಕ್ಷೆ ಶುರುವಾಯಿತು. ಡಾಕ್ಟರರದು ಉರ್ದು, ಅತ್ತೆಯದು ಸುರಪುರದ ಕನ್ನಡ, ನಡುವೆ ನಾನು! ಮಾವನವರು ಕಂಬದ ಮರೆಗೆ ಹೋಗಿಬಿಟ್ಟರು. ಹೆತ್ತ ಮಗನ ಎದುರು ಹೇಳಲಾಗದ, ಗಂಡನ ಎದುರು ಹೇಳಲಾಗದ ಮಾತುಗಳನ್ನು ಹೇಳಲು ಅತ್ತೆ ಹುಡುಕಿ ಹುಡುಕಿ ಸೊಸೆ ತಂದದ್ದು ಈಗ ನನಗೆ ಅರ್ಥವಾಯಿತು. ಬಣ್ಣ, ವಾಸನೆ, ತೆಳು, ಗಟ್ಟಿ... ಎಂಥೆಂಥ ಪದಗಳನ್ನು ತರ್ಜುಮೆ ಮಾಡಿದೆನೆಂದು ಇಲ್ಲಿ ಬರೆಯಲಾರೆ. ನನ್ನ ಉರ್ದು ಮಾಸ್ತರರು ಕೇಳಿದ್ದರೆ ಶಾಲೆಯ ಬಾಗಿಲು ಹಾಕುತ್ತಿದ್ದರು!

ಕೈಯಷ್ಟುದ್ದದ ಉಕ್ಕಿನ ಕೊಳವೆ, ಅದರ ತುದಿಯಲ್ಲಿ ಸಣ್ಣ ದೀಪ. ಅದನ್ನು ಕೆಳಗಿನಿಂದ ಬಿಟ್ಟು ಕರುಳಿನ ಒಳಗೋಡೆ ನೋಡುತ್ತೇವೆ ಎಂದರು ಡಾಕ್ಟರರು. ನಾನು ಕಣ್ಣು ಮುಚ್ಚಿ ಕನ್ನಡದಲ್ಲಿ ಹೇಳಿದೆ.

"ದೀಪ? ಎಲ್ಲಿಗಿ?"

"ಅಲ್ಲಿಗೇ ರಿ."

ಅತ್ತೆ ಯೋಚಿಸಿದರು. "ನಡುವ ಆರಿದ್ರ?"

ಆ ಪ್ರಶ್ನೆಯನ್ನು ಉರ್ದುವಿಗೆ ತಂದಾಗ ಡಾಕ್ಟರರ ಮೀಸೆಯ ಒಂದು ತುದಿ ಅಲುಗಿತು. ಅದೇ ಅವರ ನಗು ಎಂದು ಕಾಂಪೌಂಡರು ಆಮೇಲೆ ಹೇಳಿದ. ಪರದೆಯ ಹಿಂದೆ ಪರೀಕ್ಷೆ ನಡೆಯುವಾಗ ನಾನು ಈಚೆ ನಿಂತಿದ್ದೆ. ಅತ್ತೆ ನೋವಿನಿಂದ ಮುಲುಗುತ್ತಲೇ, "ಏನ್ ಕಾಣ್ತದಂತ ಕೇಳು," ಎಂದರು.

"ಲಾಲ್," ಎಂದರು ಡಾಕ್ಟರರು.

"ಕೆಂಪಂತ ರಿ."

"ಕೆಂಪಂದ್ರ ಹ್ಯಾಂಗ? ಕುಂಕುಮದಂಗೋ, ಮೆಣಸಿನಕಾಯಿಯಂಗೋ?"

ಅದನ್ನೂ ತರ್ಜುಮೆ ಮಾಡಿದೆ. ಪರದೆಯ ಹಿಂದಿನಿಂದ ಡಾಕ್ಟರರ ದನಿ, ತುಸು ಸೋತಂತೆ: "ಮಿರ್ಚಿ."

ಮರುದಿನ ಕದಡಿದ ಸುಣ್ಣದಂಥ ಬಿಳಿ ಔಷಧವನ್ನು ಕೆಳಗಿನಿಂದ ತುಂಬಿ ಎಕ್ಸ್‌ರೇ ತೆಗೆದರು. "ನಾವು ಹಬ್ಬಕ್ಕ ಮನಿಗಿ ಹೊರಗ ಸುಣ್ಣ ಬಳೀತೀವಿ, ಇವರು ನನಗ ಒಳಗ ಬಳದ್ರು," ಎಂದು ಅತ್ತೆ ವಾರ್ಡಿನವರಿಗೆಲ್ಲ ಸಾರಿದರು. ಆ ಕರಿಹಾಳೆ ಕೈಗೆ ಬಂದಾಗ ಬೆಳಕಿಗೆ ಹಿಡಿದು ಹಿಡಿದು ನೋಡಿದರು. ಅವರ ಜೀವಮಾನದಲ್ಲಿ ತೆಗೆಸಿಕೊಂಡ ಮೊದಲ ಫೋಟೋ ಅದು! ಊರಿಗೆ ಒಯ್ದು ದೇವರ ಪಟಗಳ ಪಕ್ಕ ತೂಗುಹಾಕುವ ಆಸೆ. ಮಾವನವರು ಆ ವರ್ಷದ ತಮ್ಮ ಮಾತನ್ನೆಲ್ಲ ಒಟ್ಟು ಮಾಡಿ "ಬ್ಯಾಡ" ಎಂದರು.

ಆಮೇಲೆ ನಡೆದದ್ದೇ ನೆಲದ ಮೇಲಿನ ಪಾಠ. ಡಾಕ್ಟರರು ಹೇಳಿದ ರೋಗದ ಹೆಸರು ನನ್ನ ನಾಲಿಗೆಗೂ ಹೊರಳಲಿಲ್ಲ, ಅತ್ತೆ ಕೈಸನ್ನೆಯಿಂದ "ಬರದು ತೋರಸ್ರಿ" ಎಂದರು. ಡಾಕ್ಟರರು ನೆಲಕ್ಕೆ ಕೂತು ಬರೆದರು. ಇದು ದೊಡ್ಡ ಕರುಳು. ಇದರ ಒಳಮೈ ತಾನಾಗಿಯೇ ಕೆಂಪಾಗಿ, ಉರಿದು, ಹುಣ್ಣಾಗಿ ರಕ್ತ ಸುರಿಸುತ್ತಿದೆ. ಹುಳದಿಂದ ಆದದ್ದಲ್ಲ.

"ಮತ್ತ ಯಾಕ ಆಗ್ಯದ?"

"ನಮಗೂ ಗೊತ್ತಿಲ್ಲ," ಎಂದರು ಡಾಕ್ಟರರು.

ಅತ್ತೆ ನನ್ನ ಕಡೆ ತಿರುಗಿದರು. "ಗೊತ್ತಿಲ್ಲ ಅಂದ ಮೊದಲ್ನೇ ಡಾಕ್ಟರ ಇವರು. ಇವರ ಮಾತು ಕೇಳಬಹುದು."

ಗುಳಿಗೆ ಕೊಡಬಹುದು, ಬೇನೆ ಪೂರ್ತಿ ಹೋಗಲಿಕ್ಕಿಲ್ಲ, ಆದರೆ ಹತೋಟಿಗೆ ಬರಬಹುದು. ಇಲ್ಲವೇ ಆಪರೇಶನ್ ಮಾಡಿ ದೊಡ್ಡ ಕರುಳನ್ನೇ ತೆಗೆದುಹಾಕಬಹುದು. ಆಗ ಹೊಟ್ಟೆಯ ಮೇಲೊಂದು ತೂತು, ಅಲ್ಲಿಂದಲೇ ಮಲ ಚೀಲಕ್ಕೆ ಬೀಳಬೇಕು. ಚಿಕ್ಕ ಡಾಕ್ಟರರೊಬ್ಬರು ಈಗಲೇ ಕೊಯ್ಯೋಣ ಎಂದು ಅವಸರ ಮಾಡುತ್ತಿದ್ದರು. ನಾನು ಎಲ್ಲವನ್ನೂ ಕನ್ನಡಕ್ಕೆ ತಂದೆ. ಅತ್ತೆ ಚಿತ್ರವನ್ನೇ ನೋಡುತ್ತಿದ್ದರು.

"ಇವೆರಡರಾಗ ಯಾವುದು ಮಾಡಿದ್ರ ಹಿಂದಕ್ಕ ಬರಾಕ ಬರ್ತದ?"

ಡಾಕ್ಟರರು ಸೀಮೆಸುಣ್ಣ ಕೆಳಗಿಟ್ಟರು. ಗುಳಿಗೆ ಬೇಡವಾದರೆ ನಿಲ್ಲಿಸಬಹುದು, ಕೊಯ್ದ ಕರುಳು ವಾಪಸು ಬಾರದು ಎಂದರು. "ಹಂಗಾದ್ರ ಮೊದಲ ಗುಳಿಗಿ. ಅದು ಸೋತಿತಂತ ನನಗ ಹ್ಯಾಂಗ ತಿಳೀಬೇಕು?" ರಕ್ತ ನಿಲ್ಲದೆ ಹೋದರೆ, ಜ್ವರ ಬಂದು ಹೊಟ್ಟೆ ಉಬ್ಬಿದರೆ ಒಂದು ದಿನವೂ ಕಾಯಬಾರದು, ಆಗ ಕೊಯ್ಯಲೇಬೇಕು ಎಂದರು ಡಾಕ್ಟರರು. "ಆಗ ನಾನೇ ಕೊಯ್ರಿ ಅಂತೀನಿ," ಎಂದು ಅತ್ತೆ ಒಪ್ಪಿದರು. ಕೊನೆಗೆ ಡಾಕ್ಟರರು, ಸದ್ಯಕ್ಕೆ ಖಾರ ಮುಟ್ಟಬಾರದು ಎಂದರು.

"ಖಾರ ಬಿಟ್ಟು ಬದುಕೋದಾ? ಇದನ್ನ ಮೊದಲ ಹೇಳಬೇಕಿಲ್ಲೇನು? ಕೊಯ್ಯೋದೇ ಒಪ್ಕೊಂತಿದ್ದೆ!"

ಹಳದಿ ಗುಳಿಗೆಗಳು ನಿಧಾನವಾಗಿ ಕೆಲಸ ಮಾಡಿದವು. ಅಲ್ಲೇ ಕೆಲವು ವಾರ ಇದ್ದೆವು. ರಕ್ತ ಕಡಿಮೆಯಾಯಿತು, ನಿಂತಿತು. ಊರಿಗೆ ಬಂದ ಮೇಲೆ ಅತ್ತೆಯ ತುಟಿಗೆ ಬಣ್ಣ ಬಂತು, ಓಣಿಗೆ ಪ್ರಶ್ನೆಗಳು ಮರಳಿದವು. ನಾನು ಆಗ ಬಸುರಿ.

ಒಂದು ದಿನ ಅತ್ತೆ ಗೌಂಡಿಯನ್ನು ಕರೆಸಿ, ಹಿತ್ತಲಲ್ಲಿ ಪಾಯಖಾನೆ ಕಟ್ಟು ಎಂದರು. ಓಣಿಯಲ್ಲಿ ಯಾರ ಮನೆಯಲ್ಲೂ ಇಲ್ಲದ್ದು! ಮನೆಯೊಳಗೆ ಹೊಲಸು ತರುತ್ತಾಳೆ ಎಂದು ನೆರೆಯವರು ಮೂಗು ಮುಚ್ಚಿಕೊಂಡರು. "ಈಗ ಆರಾಮ ಅದೀಯಲ್ಲ, ಯಾಕ ಬೇಕು?" ಎಂದು ಮಾವನವರೇ ಬಾಯಿ ಬಿಟ್ಟು ಕೇಳಿದರು. ಅತ್ತೆ ಗೌಂಡಿಗೆ ಜಾಗ ತೋರಿಸಲು ಹಿತ್ತಲಿಗೆ ನಡೆದರು.

ಗೋಡೆ ಎದ್ದಿತು, ಬಾಗಿಲು ಕೂತಿತು. ಆ ಸಂಜೆ ಅತ್ತೆ ಚರಗಿ ತುಂಬಿ ನನ್ನ ಕೈಗೆ ಕೊಟ್ಟರು. "ಮೊದಲ ನೀ ಹೋಗು."

"ನೀವು ಹೋಗ್ರಿ ಅತ್ತಿ. ನಿಮಗಂತ ಕಟ್ಟಿಸಿದ್ದು."

"ನನಗ್ಯಾಕ? ನನ್ನ ದಿನ ಹ್ಯಾಂಗೋ ಕಳದ್ವು." ಅವರು ಹೊಸ ಗೋಡೆಯ ಹಸಿ ಗಾರೆಯನ್ನು ಬೆರಳಿನಿಂದ ತಟ್ಟಿ ನೋಡಿದರು. "ಈ ಬ್ಯಾನಿ ನನಗ ಹತ್ತಿದ್ದು ನಿನ್ನ ವಯಸ್ಸಿನಾಗ. ನಿನ್ನ ಗಂಡ ಹೊಟ್ಟ್ಯಾಗಿದ್ದ. ಹೆಂಗಸರು ಬಯಲಕಡಿ ಹೋಗೋದು ಕತ್ತಲಿದ್ದಾಗ ಒಮ್ಮೆ, ಕತ್ತಲಾದ ಮ್ಯಾಲ ಒಮ್ಮೆ. ನನಗ ಅಷ್ಟಕ್ಕ ಸಾಲ್ತಿರಲಿಲ್ಲ. ಹಗಲು ಹೊತ್ತಿನಾಗ ಎಲ್ಲಿಗಿ ಹೋಗಲಿ? ಅದಕ್ಕ ಸಂಜಿತನಕ ಒಂದು ತುತ್ತು ತಿಂತಿರಲಿಲ್ಲ, ನೀರೂ ಕುಡೀತಿರಲಿಲ್ಲ. ಎಲ್ಲಾರಿಗಿ ಕತ್ತಲಂದ್ರ ಅಂಜಿಕಿ. ನನಗ ಬೆಳಗಾದ್ರ ಅಂಜಿಕಿ ಬರ್ತಿತ್ತು."

ನಾನು ಚರಗಿಯನ್ನು ಎರಡೂ ಕೈಯಿಂದ ಹಿಡಿದುಕೊಂಡೆ.

"ಹೋಗು, ಹೊಟ್ಟಿ ತುಂಬ ಉಣ್ಣು, ಬೇಕಾದಾಗ ಹೋಗು," ಎಂದರು ಅತ್ತೆ.

ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಒಳಗಿನಿಂದ ಗಟ್ಟಿ ಚಿಲಕವಿತ್ತು. ಆದರೂ ನಾನು ಹೊರಗೆ ಬರುವವರೆಗೆ ಅತ್ತೆ, ಬಯಲಿನಲ್ಲಿ ಒಬ್ಬರಿಗೊಬ್ಬರು ಕಾವಲು ನಿಲ್ಲುವ ಹೆಂಗಸರಂತೆ, ಬಾಗಿಲಿಗೆ ಬೆನ್ನು ಮಾಡಿ ಅಲ್ಲೇ ನಿಂತಿದ್ದರು.