ಬೇಡ ಎಂದರೆ ಬೇಡಾ ಪಾರ್

ಜಂಬ ಒಳ್ಳೆಯದಲ್ಲ ಎನ್ನುವವರಿಗೆ ಬಹುಶಃ ಜಂಬಪಡಲು ಏನೂ ಇರುವುದಿಲ್ಲ. ನನಗಿದೆ. ಹದಿನಾಲ್ಕು ವರ್ಷಗಳಿಂದ ವೆಬ್‌ಸೈಟ್ ಕಟ್ಟುತ್ತಾ, ತಲೆ ತಿಂದ ಪ್ರತಿಯೊಂದು ತೊಂದರೆಗೂ ಸಿಕ್ಕ ಮದ್ದನ್ನು ಒಂದು ಫೈಲಿನಲ್ಲಿ ಬರೆದಿಟ್ಟಿದ್ದೇನೆ. ಪಂಚವಟಿಯ ಲಾಡ್ಜೊಂದರ ಫೋಟೋಗಳು ಬೇಗ ತೆರೆಯುವಂತೆ ಮಾಡಿದ ಎರಡು ಸಾಲು ಕೋಡ್, ಒಂದೇ ಬಟನ್ನನ್ನು ನಾಲ್ಕು ಸಲ ಒತ್ತುವವರನ್ನು ತಡೆಯುವ ಮೂರು ಸಾಲು, ಹೀಗೆ. ಮರಾಠಿ ನಾಡಿನ ಚಿಕಲಠಾಣಾದ ನಮ್ಮ ಪುಟ್ಟ ಕಚೇರಿಯಲ್ಲಿ ಯಾರ ಕೆಲಸ ನಿಂತರೂ "ಬೀದರ್ ಫೈಲ್ ನೋಡು" ಎನ್ನುತ್ತಾರೆ. ನಾನು ಬೀದರಿನವನು. ಆ ಮಾತು ಕಿವಿಗೆ ಬಿದ್ದ ದಿನ ಒಂದು ಚಹಾ ಹೆಚ್ಚು ಕುಡಿಯುತ್ತೇನೆ.

ಪ್ರತಿ ತುಣುಕಿನ ನೆತ್ತಿಯ ಮೇಲೂ ಇಂಗ್ಲಿಷ್ ಅಕ್ಷರಗಳಲ್ಲಿ ಒಂದು ಕನ್ನಡ ಮಾತು ಬರೆಯುವುದು ನನ್ನ ಪದ್ಧತಿ. ಒಳ್ಳೆಯದಕ್ಕೆ 'ಬೇಕು', ಕೈಕೊಟ್ಟದ್ದಕ್ಕೆ 'ಬೇಡ'. ಮನೆಯಲ್ಲಿ ನಾವು 'ಬ್ಯಾಡ' ಎನ್ನುವವರೇ. ಆದರೆ ಬರವಣಿಗೆ ಅಂದಮೇಲೆ ಶುದ್ಧವಾಗಿರಬೇಕಲ್ಲ, ಮೇಷ್ಟ್ರ ಕೈಯಲ್ಲಿ ಏಟು ತಿಂದು ಕಲಿತ ಕನ್ನಡ. "ಮರಾಠಿ ಮಂದಿ ಓದೋ ಫೈಲಿಗಿ ಇಷ್ಟ್ಯಾಕ ಶಿಸ್ತು?" ಎಂದು ನನ್ನ ಹೆಂಡತಿ ಒಮ್ಮೆ ಕೇಳಿದ್ದಳು. ಕಿವಿಗೆ ಹಾಕಿಕೊಂಡಿರಲಿಲ್ಲ.

ಒಂದು ಬೆಳಿಗ್ಗೆ ಲಾಸಲಗಾಂವಿನಿಂದ ಶಿವಶರಣಪ್ಪನವರ ಫೋನು. ಭಾಲ್ಕಿಯ ಕಡೆಯವರು, ಉಳ್ಳಾಗಡ್ಡಿ ವ್ಯಾಪಾರಿ. ದಿನದ ದರ ತೋರಿಸುವ ಅವರ ವೆಬ್‌ಸೈಟು ನಾವು ಮಾಡಿಕೊಟ್ಟದ್ದು. "ಏನ್ರಿ ಇಂಜಿನಿಯರ್ರ, ರೇಟ್ ನಿನ್ನಿದೇ ತೋರ್ಸ್ಲಕತ್ತದ. ಅರ್ಧ ತಾಸಿಗಿ ಹರಾಜು ಸುರು ಆಗ್ತದ. ರೈತರು ಮೊಬೈಲ್ ಹಿಡದು, ನೀ ಒಂದ್ ಹೇಳ್ತಿ, ನಿನ್ನ ಸೈಟ್ ಒಂದ್ ಹೇಳ್ತದ ಅಂತಾರ. ಮೂವತ್ತು ವರ್ಷದಾಗ ನನಗ ಸುಳ್ಳ ಅಂತ ಯಾರೂ ಅಂದಿಲ್ರಿ." ಕೊನೆಯ ಮಾತಿಗೆ ಅವರ ದನಿ ಸಣ್ಣದಾಗಿತ್ತು. ಆ ಸೈಟನ್ನು ಕೊನೆಗೆ ಯಾರು ಮುಟ್ಟಿದ್ದರೆಂದು ಹುಡುಕಿದೆ.

ಹಿಂದಿನ ದಿನ ಆ ಸೈಟಿಗೆ ಕೈ ಹಾಕಿದ್ದವರು ಸ್ನೇಹಲ್, ಕೆಲಸಕ್ಕೆ ಸೇರಿ ಎರಡು ವಾರವಾಗಿದ್ದ ಸಹೋದ್ಯೋಗಿ. ಒಮ್ಮೆ ತಂದ ಫೈಲನ್ನೇ ಬ್ರೌಸರು ಇಡೀ ದಿನ ಇಟ್ಟುಕೊಂಡು ತೋರಿಸಲಿ ಎಂಬ ಸೆಟ್ಟಿಂಗನ್ನು ನನ್ನ ಫೈಲಿನಿಂದಲೇ ಎತ್ತಿ ಹಾಕಿದ್ದರು. ಅದರ ನೆತ್ತಿಯ ಮೇಲೆ ಸ್ಪಷ್ಟವಾಗಿ 'ಬೇಡ' ಎಂದಿತ್ತು. ಮತ್ತೇಕೆ ಹಾಕಿದಿರಿ ಎಂದು ಕೇಳಿದೆ.

"ಅಹೋ ಸರ್, 'ಬೇಡಾ ಪಾರ್' ಮಧಲಾ ಬೇಡಾ ನಾ?" ಎಂದರು ಅವರು, 'ಬೇಡಾ ಪಾರ್' ಎನ್ನುತ್ತಾರಲ್ಲ, ಅದರೊಳಗಿನ ಬೇಡಾ ತಾನೇ ಎಂದು. ಹಿಂದಿಯಲ್ಲಿ ಬೇಡಾ ಪಾರ್ ಎಂದರೆ ದೋಣಿ ದಡ ಸೇರಿತು, ಕೆಲಸ ಗೆದ್ದಿತು ಎಂದರ್ಥ. ಹಾಗಾದರೆ 'ಬೇಕು' ಎಂದರೆ ಏನೆಂದುಕೊಂಡಿರಿ ಎಂದೆ. 'ಬೇಕಾರ್', ಅಂದರೆ ಕೆಲಸಕ್ಕೆ ಬಾರದ್ದು, ಎಂಬುದರ ಸಂಕ್ಷೇಪ ಎಂದುಕೊಂಡಿದ್ದರಂತೆ. ಸಿಟ್ಟು ಬರಬೇಕಿತ್ತು, ನಗು ಬಂತು. ಮನೆಯಲ್ಲಿ ಅನ್ನುವ ಹಾಗೆ 'ಬ್ಯಾಡ' ಎಂದು ಬರೆದಿದ್ದರೆ ಯಾವ ದೋಣಿಯೂ ಅಡ್ಡ ಬರುತ್ತಿರಲಿಲ್ಲ.

ಸೆಟ್ಟಿಂಗ್ ತೆಗೆದೆ. ಆದರೆ ರೈತರ ಮೊಬೈಲುಗಳು ಆಗಲೇ ಹಳೆಯ ದರದ ಫೈಲನ್ನು ಬಚ್ಚಿಟ್ಟುಕೊಂಡಿದ್ದವಲ್ಲ. ಅದಕ್ಕೂ ನನ್ನ ಫೈಲಿನಲ್ಲಿ ಮದ್ದಿತ್ತು. ಪುಟದಲ್ಲಿ ದರದ ಫೈಲಿನ ಹೆಸರು ಬರುವ ಕಡೆ, ಕೊನೆಗೆ ?v=2 ಎಂದು ಸೇರಿಸಿದರೆ ಸಾಕು, ಇದು ಬೇರೆ ಯಾವುದೋ ಫೈಲೆಂದು ತಿಳಿದು ಬ್ರೌಸರು ಹೊಸದನ್ನೇ ತರುತ್ತದೆ. ಹರಾಜಿಗೆ ಹತ್ತು ನಿಮಿಷವಿರುವಾಗ ಶಿವಶರಣಪ್ಪನವರು ಮತ್ತೆ ಫೋನು ಮಾಡಿದರು. "ಬಂತ್ರಿ, ಇವತ್ತಿಂದು ಬಂತು. ಭಾರಿ ಶಾಣ್ಯಾ ಇದ್ದೀರಿ ನೋಡ್ರಿ." ಫೋನನ್ನು ಸ್ಪೀಕರಿಗೆ ಹಾಕಿ, ಇನ್ನೊಮ್ಮೆ ಹೇಳಿ, ಸರಿಯಾಗಿ ಕೇಳಿಸಲಿಲ್ಲ ಎಂದೆ. ರೋಗವೂ ನನ್ನ ಫೈಲಿನದೇ ಎಂಬುದನ್ನು ಅವರಿಗೆ ಹೇಳಲಿಲ್ಲ.

ಅಂದೇ ಸ್ನೇಹಲ್‌ಗೆ ಪಾಠ ಮಾಡಿದೆ. ನಮ್ಮ ಕಡೆ 'ಬ್ಯಾಡ' ಎನ್ನುತ್ತೇವೆ, ದೊಡ್ಡವರಿಗಾದರೆ ಕೊನೆಗೆ 'ರಿ' ಸೇರಿಸಬೇಕು ಎಂದು. ಮುಂದಿನ ವಾರ ಫೈಲು ತೆರೆದಾಗ, ನಾನು ಮಗುವಿನಂತೆ ಸಾಕಿದ ಇಪ್ಪತ್ತು ಸಾಲಿನ ಮೆನು ತುಣುಕಿನ ಮೇಲೆ ಅವರ ಟಿಪ್ಪಣಿ ಇತ್ತು. ಈಗ ಅದೇ ಕೆಲಸ ಒಂದೇ ಸಾಲಿನಲ್ಲಿ ಆಗುತ್ತದಂತೆ. ಸಾಲನ್ನೂ ಕೊಟ್ಟಿದ್ದರು. ಮೇಲೆ ಬರೆದಿದ್ದರು: "ಬ್ಯಾಡ್ರಿ."

ಪರೀಕ್ಷಿಸಿ ನೋಡಿದೆ, ಅವರು ಹೇಳಿದ್ದು ಸರಿ. ಇಪ್ಪತ್ತು ಸಾಲನ್ನೂ ಅಳಿಸಿದೆ. ಆ ಒಂದು ಮಾತನ್ನು ಮಾತ್ರ ಉಳಿಸಿಕೊಂಡಿದ್ದೇನೆ. ಅದರಲ್ಲಿ ಎಷ್ಟು ಹುಡುಕಿದರೂ ತಪ್ಪು ಸಿಗಲಿಲ್ಲ.